ದೋಶಿಯ ಕಲ್ಲೋಣಿಯಲ್ಲಿ ನಡೆಯುತ್ತಾ

ಬನ್ನೇರುಘಟ್ಟ ರಸ್ತೆಯ ಗದ್ದಲ ಗೇಟಿನಾಚೆಗೇ ಉಳಿಯಿತು. ಬೆಂಗಳೂರಿನ ಐಐಎಂ ಒಳಗಿದ್ದೀರಿ. ಮಟಮಟ ಮಧ್ಯಾಹ್ನ. ಎರಡೂ ಕಡೆ ಒರಟು ಬೂದುಗಲ್ಲಿನ ಗೋಡೆ. ಗಿಲಾವಿಲ್ಲ, ಬಣ್ಣವಿಲ್ಲ. ಅಂಗೈಯಿಟ್ಟು ನೋಡಿ, ತಣ್ಣಗಿದೆ. ತಲೆಯೆತ್ತಿದರೆ ಮೂರಂತಸ್ತಿನೆತ್ತರದ ಓಣಿ. ಒಂದಷ್ಟು ದೂರ ಪೂರ್ತಿ ಸೂರು, ಆಮೇಲೆ ಬರೀ ತೊಲೆಗಳ ಚಪ್ಪರ, ಅದರ ಮೇಲೆ ಬಳ್ಳಿ, ಅದಾದ ಮೇಲೆ ಬಯಲು. ಬಿಸಿಲು ಪಟ್ಟೆಪಟ್ಟೆಯಾಗಿ ನೆಲಕ್ಕಿಳಿದಿದೆ.

ಚಿತ್ರದುರ್ಗದ ತುರುವನೂರಿನ ಕಡೆಯವರಿಗೆ ಇದು ಪರಿಚಯದ ಬೆಳಕು. ಮಾಳಿಗೆ ಮನೆಯ ಗವಾಕ್ಷಿಯಿಂದ ನಡುಮನೆಗೆ ಬೀಳುವ ಬೆಳಕೂ ಇದೇ ಜಾತಿಯದು. ಓಣಿಯ ತಿರುವೂ ಹೊಸದಲ್ಲ. ದುರ್ಗದ ಏಳುಸುತ್ತಿನ ಕೋಟೆಯಲ್ಲಿ ಒಂದು ಬಾಗಿಲು ದಾಟಿದರೆ ಮುಂದಿನದು ಕಾಣುವುದಿಲ್ಲ, ಗೋಡೆಯ ಜೊತೆಗೇ ತಿರುಗಬೇಕು. ಅಲ್ಲಿ ತಿರುವು ಇರುವುದು ವೈರಿಯನ್ನು ತಡೆಯಲು. ಇಲ್ಲಿ ಎದುರಾದವರು ನಿಂತು ಮಾತಾಡಲಿ ಎಂದು. ಅದೋ, ಆ ಕಲ್ಲುಕಟ್ಟೆಯ ಮೇಲೆ ಇಬ್ಬರು ಹುಡುಗರು ಪುಸ್ತಕ ಮುಚ್ಚಿಟ್ಟು ವಾದಕ್ಕಿಳಿದಿದ್ದಾರೆ. ಕ್ಲಾಸಿನ ಹೊರಗೂ ಪಾಠ ನಡೆಯಬೇಕೆಂಬುದು ಈ ಆವರಣವನ್ನು ರೂಪಿಸಿದ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿಯವರ ನಂಬಿಕೆಯಾಗಿತ್ತು.

1927ರಲ್ಲಿ ಪುಣೆಯಲ್ಲಿ ಹುಟ್ಟಿದ ದೋಶಿ, 1951ರಲ್ಲಿ ಪ್ಯಾರಿಸ್ಸಿನಲ್ಲಿ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಬಳಿ ಕೆಲಸಕ್ಕೆ ನಿಂತರು. ಭಾರತಕ್ಕೆ ಮರಳಿ, ಅಹಮದಾಬಾದಿನ ಐಐಎಂ ಕಟ್ಟುವಾಗ ಅಮೆರಿಕದ ವಾಸ್ತುಶಿಲ್ಪಿ ಲೂಯಿ ಕಾನ್ ಜೊತೆಗೂಡಿದರು. ಕಾರ್ಬೂಸಿಯೆ ಕೈಯಲ್ಲಿ ಕಾಂಕ್ರೀಟು ಪಳಗಿತ್ತು, ಕಾನ್ ಕೈಯಲ್ಲಿ ಇಟ್ಟಿಗೆ. ಎಪ್ಪತ್ತರ ದಶಕದಲ್ಲಿ ಬೆಂಗಳೂರಿನ ಈ ನೂರು ಎಕರೆ ಸಿಕ್ಕಾಗ ಶಿಷ್ಯ ಇಬ್ಬರನ್ನೂ ನಕಲು ಮಾಡಲಿಲ್ಲ. ಫತೇಪುರ್ ಸಿಕ್ರಿಯ ಅಂಗಳಗಳನ್ನು ನೆನೆದರು, ಕಾಂಕ್ರೀಟಿನ ಜೊತೆಗೆ ಈ ನೆಲದ ಕಲ್ಲನ್ನೇ ಗೋಡೆಗೆ ತಂದರು, ಊರಿನ ತಂಪು ಹವೆಯನ್ನು ನಂಬಿ ಓಣಿಗಳನ್ನು ತೆರೆದಿಟ್ಟರು. ಅವರ ಇಡೀ ಬದುಕಿನಲ್ಲಿ ನನಗೆ ಬಹಳ ದೊಡ್ಡದಾಗಿ ಕಾಣುವುದು ಈ ತೀರ್ಮಾನ.

2018ರಲ್ಲಿ ವಾಸ್ತುಶಿಲ್ಪದ ಪ್ರಿಟ್ಜ್‌ಕರ್ ಪ್ರಶಸ್ತಿ ದೋಶಿಯವರಿಗೆ ಸಂದಾಗ ಅವರಿಗೆ ತೊಂಬತ್ತು ವರ್ಷ. ಅದನ್ನು ಪಡೆದ ಮೊದಲ ಭಾರತೀಯರು ಅವರೇ. 2023ರ ಜನವರಿಯಲ್ಲಿ ತೀರಿಕೊಂಡರು.

ಇನ್ನೊಂದು ಅಂಗಳ ದಾಟಿ. ಬಿಸಿಲು ಹೊರಗೆ ಸುಡುತ್ತಿದೆ, ಇಲ್ಲಿ ಗಾಳಿ ಓಣಿಯುದ್ದಕ್ಕೂ ಹಾಯುತ್ತಿದೆ. ಫ್ಯಾನಿನ ಸದ್ದಿಲ್ಲ. ನಮ್ಮ ಹೋಬಳಿಗಳಲ್ಲಿ ಶಾಲೆಗೆ, ಸಮುದಾಯ ಭವನಕ್ಕೆ ಕಾಸು ಹೊಂದಿಸುತ್ತಿರುವವರೇ, ಅನುಮತಿ ಕೇಳಿಕೊಂಡು ಒಮ್ಮೆ ಇಲ್ಲಿ ನಡೆದಾಡಿ. ಬರುವಾಗ ಊರಿನ ಮೇಸ್ತ್ರಿಯನ್ನೂ ಕರೆದುಕೊಂಡು ಬನ್ನಿ.