ತಕ್ಕಡಿ ಹೋಗಿ ಅಂಕಿ ಬಂತು

ಬೆಳೆ ಕೈಗೆ ಬರುವವರೆಗೆ ರೈತನಿಗೆ ಮೋಡದ ಭಯ. ಬಂದ ಮೇಲೆ ತೂಕದ ಭಯ. ಎರಡನೆಯದು ಮೊದಲನೆಯದಕ್ಕಿಂತ ಕಿರಿದೆಂದು ಪಟ್ಟಣದ ಜಗುಲಿಯಲ್ಲಿ ಕುಳಿತವರು ತಿಳಿದಾರು. ಹೊಲದ ಬದುವಿನಲ್ಲಿ ನಿಂತವರು ಹಾಗೆ ತಿಳಿಯಲಾರರು. ಸುರಪುರದ ಮಗ್ಗುಲಲ್ಲೇ ಇರುವ ರಂಗಂಪೇಟೆಯ ಸುತ್ತಿನ ಎರೆನೆಲದಲ್ಲಿ ಹತ್ತಿಕಾಯಿ ಒಡೆದು ಬೆಳ್ಳಗೆ ನಗತೊಡಗಿದಾಗ, ಆ ನಗೆಯ ಬೆಲೆಯೆಷ್ಟೆಂದು ಹೇಳುವುದು ಈಗ ಕಣ್ಣೂ ಅಲ್ಲ, ಕೈಯೂ ಅಲ್ಲ. ಎರಡು ಯಂತ್ರಗಳ ಮುಖದ ಮೇಲೆ ಮೂಡುವ ಅಂಕಿಗಳು. ಒಂದು ತೂಕದ್ದು, ಇನ್ನೊಂದು ತೇವದ್ದು.

ಹಳೆಯ ತಕ್ಕಡಿಯಲ್ಲಿ ಒಂದು ಸಮಾಧಾನವಿತ್ತು. ಕಲ್ಲು ಒಂದು ಕಡೆ, ಮಾಲು ಇನ್ನೊಂದು ಕಡೆ, ನಡುವೆ ಮುಳ್ಳು. ಮೋಸವಾದರೂ ಕಣ್ಣೆದುರೇ ಆಗಬೇಕಾಗಿತ್ತು: ದಂಡಿಗೆಯ ಮೇಲೆ ಕಿರುಬೆರಳಿಡಬೇಕು, ಇಲ್ಲವೇ ತಟ್ಟೆಯ ಅಡಿಗೆ ಹುಣಿಸೆಹಣ್ಣು ಮೆತ್ತಬೇಕು. ಜಾಣನಾದವನು ತಟ್ಟೆಗಳನ್ನು ಅದಲುಬದಲು ಮಾಡಿಸಿ ನೋಡುತ್ತಿದ್ದ. ಅದಕ್ಕೆ ಅಕ್ಷರಜ್ಞಾನ ಬೇಕಿರಲಿಲ್ಲ. 1956ರ ಕಾಯಿದೆಯ ಫಲವಾಗಿ ಸೇರು, ಮಣಗಳು ಹಿಂದೆ ಸರಿದು ಕಿಲೋ, ಕ್ವಿಂಟಲುಗಳು ಬಂದಾಗಲೂ ಬದಲಾದದ್ದು ಕಲ್ಲಿನ ಹೆಸರು ಮತ್ತು ಗಾತ್ರ, ತೂಗುವ ಬಗೆಯಲ್ಲ.

ಬಗೆಯೇ ಬದಲಾದದ್ದು ವಿದ್ಯುತ್ ತಕ್ಕಡಿ ಬಂದಾಗ. ಇಲ್ಲಿ ಭಾರವನ್ನು ಭಾರದೊಡನೆ ಹೋಲಿಸುವ ಗೋಜಿಲ್ಲ. ತಟ್ಟೆಯ ಕೆಳಗೊಂದು ಲೋಹದ ತುಂಡಿದೆ. ಮೇಲೆ ಚೀಲ ಬಿದ್ದೊಡನೆ ಅದು ಬಾಗುತ್ತದೆ. ಆ ಬಾಗು ಕಣ್ಣಿಗೆ ಕಾಣುವಷ್ಟಲ್ಲ. ತುಂಡಿನ ಮೈಗೆ ಅಂಟಿಸಿದ, ಅಂಕುಡೊಂಕಾಗಿ ಹರಿದಾಡುವ ತೆಳು ಲೋಹದ ಎಳೆಯೂ ಅದರೊಡನೆ ಹಿಗ್ಗುತ್ತದೆ. ಹಿಗ್ಗಿದ ಎಳೆ ಉದ್ದವಾಗಿ, ಸಣ್ಣಗಾಗುತ್ತದೆ. ಓಣಿ ಉದ್ದವೂ ಇಕ್ಕಟ್ಟೂ ಆದಂತೆ ಜನರ ನಡಿಗೆಗೆ ಅಡ್ಡಿಯಾಗುವಂತೆ, ಅಲ್ಲಿ ವಿದ್ಯುತ್ತಿನ ಹರಿವಿಗೂ ತಡೆ ಹೆಚ್ಚುತ್ತದೆ. ಈ ಅತ್ಯಲ್ಪ ಹೆಚ್ಚಳವನ್ನು ಹಿಡಿಯಲು ನಾಲ್ಕು ಎಳೆಗಳನ್ನು ಚೌಕವಾಗಿ ಜೋಡಿಸುತ್ತಾರೆ. ಎರಡು ಹಿಗ್ಗುವಾಗ ಎರಡು ಕುಗ್ಗುತ್ತವೆ, ಆ ಅಂತರವೇ ಕಿಲೋಗ್ರಾಮಾಗಿ ಮೂಡುತ್ತದೆ. ಚೌಕದ ಉಪಾಯವನ್ನು 1833ರಲ್ಲಿ ವಿವರಿಸಿದವನು ಕ್ರಿಸ್ಟಿ. ಹೆಸರು ಮಾತ್ರ ವೀಟ್‌ಸ್ಟನ್ನನಿಗೆ ಸಂದಿತು, ಪಾಪ! ಎಳೆಯನ್ನು ಅಂಟಿಸುವ ಯೋಚನೆ 1938ರಲ್ಲಿ ಅಮೆರಿಕದ ಸಿಮನ್ಸ್ ಮತ್ತು ರೂಜ್ ಎಂಬಿಬ್ಬರಿಗೂ ಬೇರೆಬೇರೆಯಾಗಿ ಹೊಳೆಯಿತು.

ಇಂಥ ಸಾಧನಗಳಿಗೆ ಸಂವೇದಕ ಎಂದು ಹೆಸರು, ಬಾಯಿಮಾತಿನಲ್ಲಿ ಸೆನ್ಸರ್. (ಚಲನಚಿತ್ರಕ್ಕೆ ಕತ್ತರಿಯಾಡಿಸುವ ಸೆನ್ಸಾರಿಗೂ ಇದಕ್ಕೂ ನಂಟಿಲ್ಲ.) ಅವು ಅಳೆಯಬೇಕಾದುದನ್ನು ನೇರವಾಗಿ ಮುಟ್ಟುವುದಿಲ್ಲ; ಅದರ ದೆಸೆಯಿಂದ ಬದಲಾಗುವ ಇನ್ನೊಂದನ್ನು ಹಿಡಿದು ಲೆಕ್ಕ ಹೇಳುತ್ತವೆ. ಮನೆಯ ಹಳೆಯ ಜ್ವರಮಾಪಕ ತೋರಿಸುತ್ತಿದ್ದುದು ಜ್ವರವನ್ನಲ್ಲ, ಹಿಗ್ಗಿದ ಪಾದರಸದ ಉದ್ದವನ್ನು. ಈಗಿನದರ ತುದಿಯಲ್ಲಿರುವುದು ಕಾವೇರಿದಂತೆ ತಡೆ ಇಳಿಯುವ ಪುಟ್ಟ ಮಣಿ. 2020ರ ಸಾಂಕ್ರಾಮಿಕದ ದಿನಗಳಲ್ಲಿ ಬಾಗಿಲುಬಾಗಿಲಲ್ಲಿ ಹಣೆಗೆ ಗುರಿಯಿಟ್ಟ ಯಂತ್ರವಾದರೋ ಚರ್ಮದಿಂದ ಹೊಮ್ಮುವ, ಕಣ್ಣಿಗೆ ಕಾಣದ ಕಿರಣವನ್ನು ಅಳೆಯುತ್ತದೆ. ಯಾದಗಿರಿ ಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ನಡೆದು ಬಂದ ಆರೋಗ್ಯವಂತನೂ ಅದರ ಮುಂದೆ ರೋಗಿಯಾದರೆ ಆಶ್ಚರ್ಯವೇನು?

ನೀರಿಗೂ ಇದೇ ನ್ಯಾಯ. ನಾರಾಯಣಪುರದ ಬಸವಸಾಗರದಿಂದ ಹೊರಡುವ ಎಡದಂಡೆ ಕಾಲುವೆ ಸೆಕೆಂಡಿಗೆ 10,000 ಘನ ಅಡಿ ನೀರನ್ನು ಹೊರಬಲ್ಲುದು. ಅದರ ನವೀಕರಣದ ಉದ್ಘಾಟನೆ 2023ರ ಜನವರಿಯಲ್ಲಿ ಕೊಡೇಕಲ್ಲಿನಲ್ಲಿ ನಡೆಯಿತು. ಹೊಸ ಬಗೆಯ ಕಾಲುವೆಗಳ ಬಾಗಿಲಲ್ಲಿ ನೀರಿನ ಮಟ್ಟವನ್ನು ಅಳೆಯಲು ಅನೇಕವೇಳೆ ಸದ್ದನ್ನು ಬಳಸುತ್ತಾರೆ. ಕಿವಿಗೆ ಕೇಳದ ಸದ್ದೊಂದು ಮೇಲಿನಿಂದ ಹೊರಟು, ನೀರಿಗೆ ತಾಗಿ, ಮಾರ್ದನಿಯಾಗಿ ಮರಳುತ್ತದೆ. ಹಿಡಿದ ಸಮಯದಿಂದ ದೂರದ ಲೆಕ್ಕ. ಆದರೆ ಸದ್ದಿನ ವೇಗ ಗಾಳಿಯ ಕಾವನ್ನು ಅನುಸರಿಸುತ್ತದೆ: 25 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 346 ಮೀಟರು, 40ರಲ್ಲಿ 355. ಆದ್ದರಿಂದ ಸದ್ದಿನ ಯಂತ್ರಕ್ಕೆ ಕಾವಿನ ಯಂತ್ರವೊಂದರ ಸಾಕ್ಷಿ ಬೇಕು. ಕಾಲುವೆಯ ಕೊನೆಯಂಚಿನವನ ಪಾಲಿನ ನೀರು ಈ ಸಾಕ್ಷಿಗಳ ಮಾತಿನ ಮೇಲೆ ನಿಂತಿದೆ.

ಇನ್ನು ತೇವದ ಮಾತು. ಹತ್ತಿಗೆ ಚುಚ್ಚುವ ಮಾಪಕಕ್ಕೆ ಎರಡು ಮೊನೆಗಳು. ಒಣ ಹತ್ತಿ ವಿದ್ಯುತ್ತಿಗೆ ದಾರಿ ಕೊಡದು. ತೇವ ಸೇರಿದಷ್ಟೂ ದಾರಿ ತೆರೆಯುತ್ತದೆ. ಭಾರತೀಯ ಹತ್ತಿ ನಿಗಮವು ಬೆಂಬಲ ಬೆಲೆಗೆ ಕೊಳ್ಳುವಾಗ ನೂರಕ್ಕೆ 8ರವರೆಗಿನ ತೇವಕ್ಕೆ ಪೂರ್ಣ ಬೆಲೆ. ಅಲ್ಲಿಂದ 12ರವರೆಗೆ ಏರಿದಷ್ಟೂ ಕಡಿತ. 12 ದಾಟಿದರೆ ಹತ್ತಿ ಮರಳಿ ಗಾಡಿಗೆ. ವರುಷದ ದುಡಿಮೆ, ಸಾಲದ ಕಂತು, ಮಗಳ ಕಾಲೇಜಿನ ಶುಲ್ಕ ಎಲ್ಲವೂ ಒಂದು ಅಂಕಿಯ ಆಚೆಗೋ ಈಚೆಗೋ ನಿಂತಿರುತ್ತವೆ. ಆ ಅಂಕಿಯಾದರೂ ಸ್ಥಿರವೇ? ಹತ್ತಿ ಗಾಳಿಯ ಪಸೆಯನ್ನು ಹೀರುವ ವಸ್ತು. ಮುಂಜಾವಿನ ಇಬ್ಬನಿಯಲ್ಲಿ ಅಳೆದದ್ದೇ ಬೇರೆ, ಮಧ್ಯಾಹ್ನದ ಬಿಸಿಲಿನಲ್ಲಿ ಅಳೆದದ್ದೇ ಬೇರೆ. ಒತ್ತಿ ತುಂಬಿದ ಹತ್ತಿಯಲ್ಲಿ ಅಂಕಿ ಏರುತ್ತದೆ, ಸಡಿಲವಾದುದರಲ್ಲಿ ಇಳಿಯುತ್ತದೆ. ಯಂತ್ರ ಸುಳ್ಳು ಹೇಳಿತೆನ್ನುವಂತಿಲ್ಲ. ವಿದ್ಯುತ್ತು ಎಷ್ಟು ಸುಲಭವಾಗಿ ಹರಿಯಿತೆಂಬುದನ್ನಷ್ಟೇ ಅದು ಬಲ್ಲುದು. ಅದಕ್ಕೆ ತೇವವೆಂಬ ಅರ್ಥ ಕಟ್ಟಿದವರು ಮನುಷ್ಯರು. ನಿಜವಾದ ತೇವ ತಿಳಿಯಬೇಕಾದರೆ ಹತ್ತಿಯನ್ನು ತೂಗಿ, ಕಾವುಪೆಟ್ಟಿಗೆಯಲ್ಲಿ ಒಣಗಿಸಿ, ಮತ್ತೆ ತೂಗಬೇಕು. ಖರೀದಿಯ ಸಾಲಿನಲ್ಲಿ ಅಷ್ಟು ಪುರಸತ್ತು ಯಾರಿಗುಂಟು? ಹಾಗಿರುವಾಗ, ನಾಲ್ಕು ಕಡೆ ಚುಚ್ಚಿ ನೋಡಿರೆಂದು ಕೇಳುವ ರೈತನನ್ನು ಹಠಮಾರಿಯೆಂದು ಗದರುವುದು ಅನ್ಯಾಯ. ಅವನು ಯಂತ್ರದ ಸ್ವಭಾವವನ್ನು ಬಲ್ಲವನು.

ತೂಕದ ವಿಷಯದಲ್ಲಿ ಸರ್ಕಾರಕ್ಕೂ ಇಂಥದೇ ಸಂಶಯವಿರುವಂತಿದೆ. 2011ರ ಕಾನೂನು ಮಾಪನ ನಿಯಮಗಳು ದಂಡಿಗೆಯ ತಕ್ಕಡಿಯನ್ನು 24 ತಿಂಗಳಿಗೊಮ್ಮೆ ಪರೀಕ್ಷಿಸಿ ಮುದ್ರೆಯೊತ್ತಿದರೆ ಸಾಕೆಂದವು; ವಿದ್ಯುತ್ ತಕ್ಕಡಿಗೆ 12 ತಿಂಗಳಿಗಿಂತ ಹೆಚ್ಚು ಅವಧಿ ಕೊಡಲಿಲ್ಲ. ಮುದುಕನಿಗೆ ಎರಡು ವರುಷದ ನಂಬಿಕೆ, ಹೊಸಬನಿಗೆ ಒಂದೇ! ಅಷ್ಟೇ ಅಲ್ಲ, ತೂಗುವ ಯಂತ್ರವಿರುವಲ್ಲಿ ಅದರ ಸಾಮರ್ಥ್ಯದ ಹತ್ತರಲ್ಲೊಂದು ಪಾಲಿನಷ್ಟು ಮುದ್ರೆಯೊತ್ತಿದ ತೂಕದ ಕಲ್ಲುಗಳನ್ನೂ ಇಟ್ಟಿರಬೇಕೆಂದು ಅದೇ ನಿಯಮಗಳು ವಿಧಿಸಿದವು. 300 ಕಿಲೋ ತೂಗುವ ಯಂತ್ರವಾದರೆ ಪಕ್ಕದಲ್ಲಿ 30 ಕಿಲೋ ಕಲ್ಲು. ಅಂಕಿಯ ಮೇಲೆ ಸಂಶಯ ಬಂದವನು ಚೀಲವನ್ನಿಳಿಸಿ, ಮೊದಲು ಆ ಕಲ್ಲುಗಳನ್ನು ತಟ್ಟೆಗೆ ಏರಿಸಿರೆಂದು ಕೇಳಬಹುದು.