ಲಡಾಖಿನ ಊರುಗಳಲ್ಲಿ ನೀರಿನ ಪಾಲು



ಲಡಾಖ್ ಎಂದರೆ ಬೈಕ್ ಸವಾರಿ, ಪ್ಯಾಂಗಾಂಗ್ ಸರೋವರದ ಫೋಟೊ ಎಂದೇ ನಮ್ಮಲ್ಲಿ ಹಲವರ ಲೆಕ್ಕ. ಕಾಸರಗೋಡಿನಿಂದ ಅಲ್ಲಿಗೆ ಹೋಗಿ ಬಂದ ನನಗೆ ಹೆಚ್ಚು ಇಷ್ಟವಾದದ್ದು ಅಲ್ಲಿನ ಚಿಕ್ಕ ಊರುಗಳು.

ಲೇಹ್ ಪಟ್ಟಣ ಸುಮಾರು 3500 ಮೀಟರ್ ಎತ್ತರದಲ್ಲಿದೆ. ಉಸಿರು ಹೊಂದಿಕೊಳ್ಳಲು ಮೊದಲೆರಡು ದಿನ ವಿಶ್ರಾಂತಿ ಬೇಕೇ ಬೇಕು. ವರ್ಷವಿಡೀ ಬೀಳುವ ಮಳೆ, ಹಿಮ ಸೇರಿದರೂ ಸುಮಾರು 100 ಮಿಲಿಮೀಟರ್. ನಮ್ಮಲ್ಲಿ ಆಟಿಯ ಒಂದೇ ದಿನ ಅಷ್ಟು ಸುರಿಯುವುದುಂಟು. ಆದರೂ ಸಿಂಧೂ ದಂಡೆಯ ಆಲ್ಚಿಯಲ್ಲಿ ಬೋಳು ಬೆಟ್ಟಗಳ ನಡುವೆ ಏಪ್ರಿಕಾಟ್ ತೋಟಗಳಿವೆ. ಖರ್ದುಂಗ್ ಲಾ ದಾಟಿದರೆ ನುಬ್ರಾ ಕಣಿವೆಯ ಡಿಸ್ಕಿಟ್, ಹುಂಡರ್: ಒಂದು ಕಡೆ ಮರಳುದಿಬ್ಬ, ಎರಡು ಡುಬ್ಬದ ಒಂಟೆಗಳು, ಇನ್ನೊಂದು ಕಡೆ ಹಸಿರು ಗದ್ದೆ.

ಈ ಹಸಿರು ತಾನಾಗಿ ಬಂದದ್ದಲ್ಲ. ಹಿಮ ಕರಗಿದ ನೀರನ್ನು ಸಣ್ಣ ಕಾಲುವೆಗಳಲ್ಲಿ ಊರಿಗೆ ತರುತ್ತಾರೆ. ಯಾರ ಗದ್ದೆಗೆ ಯಾವಾಗ ನೀರು ಎಂದು ನೋಡಿಕೊಳ್ಳಲು ಊರವರೇ ಒಬ್ಬರನ್ನು ನೇಮಿಸುತ್ತಾರೆ; ಅವರಿಗೆ ಚುರ್‌ಪೊನ್ ಎಂದು ಹೆಸರು. ಹಳೆಯ ಮನೆಗಳ ಶೌಚಾಲಯಕ್ಕೂ ನೀರು ಬೇಡ; ಮಣ್ಣು ಹಾಕಿ ಗೊಬ್ಬರ ಮಾಡುತ್ತಾರೆ. ನಾವು ಉಳಿದ ಮನೆಯ ಅಜ್ಜಿ ತರಕಾರಿ ತೊಳೆದ ನೀರನ್ನೂ ಚೆಲ್ಲದೆ ಗಿಡಕ್ಕೆ ಹೊಯ್ಯುತ್ತಿದ್ದರು. ಗುಡ್ಡಕ್ಕೆ ಸುರಂಗ ಕೊರೆದು ನೀರು ತಂದ ಹಿರಿಯರ ಮಕ್ಕಳಾದ ನಮಗೆ ಇದು ಅರ್ಥವಾಗದ ಮಾತಲ್ಲ.

ಪ್ರವಾಸಿಗರು ಹೆಚ್ಚಿದಂತೆ ಲೇಹ್‌ನಲ್ಲಿ ಹೋಟೆಲುಗಳೂ ಕೊಳವೆಬಾವಿಗಳೂ ಹೆಚ್ಚಿವೆ. ನೆಲದಡಿಯ ನೀರೂ ಅದೇ ಹಿಮದ್ದು. ಆದ್ದರಿಂದ ಹೋಗುವವರು ಊರವರ ಮನೆಗಳಲ್ಲೇ ಉಳಿಯಿರಿ, ಅರ್ಧ ಬಕೆಟ್‌ನಲ್ಲಿ ಸ್ನಾನ ಮುಗಿಸಿ, ಕುಡಿಯುವ ನೀರಿಗೆ ಬಾಟಲಿಯನ್ನು ಮನೆಯಿಂದಲೇ ಒಯ್ಯಿರಿ. ನಂಟರಾಗಿ ಹೋದವರು ಮನೆಯವರ ಕೊಡ ಬರಿದು ಮಾಡಬಾರದಲ್ಲವೇ?