ಒಂಬತ್ತು ಪ್ರಶ್ನೆಗಳ ಕಾಗದ

ಜ್ವರ ಬಂದವನ ಮೈಯ ಕಾವನ್ನು ಅಳೆಯಲು ಥರ್ಮಾಮೀಟರ್ ಉಂಟು. ರಕ್ತದ ಒತ್ತಡವನ್ನು ತಿಳಿಯಲು ತೋಳಿಗೆ ಪಟ್ಟಿ ಸುತ್ತಿದರಾಯಿತು. ರೋಗಿಯ ಬಾಯಿ ಏನು ಹೇಳಿದರೂ ಈ ಉಪಕರಣಗಳು ತಮ್ಮ ಲೆಕ್ಕವನ್ನು ಬದಲಿಸುವುದಿಲ್ಲ. ಮನಸ್ಸು ಕುಗ್ಗಿದವನ ವಿಷಯ ಹಾಗಲ್ಲ. ಅವನ ದುಃಖವನ್ನು ಅಳೆದು ತೋರಿಸುವ ಯಂತ್ರ ಇಂದಿಗೂ ಹುಟ್ಟಿಲ್ಲ. ಒಳಗೆ ನಡೆಯುತ್ತಿರುವುದಕ್ಕೆ ಇರುವ ಸಾಕ್ಷಿ ಅವನೊಬ್ಬನೇ. ಅವನನ್ನೇ ಕೇಳದೆ ವೈದ್ಯನಿಗೆ ಬೇರೆ ದಾರಿಯಿಲ್ಲ. ಹೀಗೆ ಕೇಳುವುದಕ್ಕಾಗಿ ಹುಟ್ಟಿಕೊಂಡುದೇ, ರೋಗಿ ತಾನೇ ಓದಿ ಗುರುತು ಹಾಕುವ ಪ್ರಶ್ನೆಗಳ ಕಾಗದ.

ಈ ಕಾಗದಕ್ಕೆ ನೂರು ವರ್ಷಕ್ಕೂ ಮಿಕ್ಕ ಇತಿಹಾಸವಿದೆ. ಮೊದಲನೆಯ ಮಹಾಯುದ್ಧದಲ್ಲಿ ಯಾವ ಸೈನಿಕನ ಮನಸ್ಸು ತೋಪಿನ ಗರ್ಜನೆಗೆ ಕುಸಿದೀತೆಂದು ಮುಂಚಿತವಾಗಿ ತಿಳಿಯಲು, ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ವುಡ್‌ವರ್ತ್ ಹೌದು-ಅಲ್ಲಗಳಲ್ಲಿ ಉತ್ತರಿಸುವ ಪ್ರಶ್ನಾವಳಿಯೊಂದನ್ನು ರಚಿಸಿದರು. ಅದು ವ್ಯಾಪಕವಾಗಿ ಬಳಕೆಗೆ ಬರುವಷ್ಟರಲ್ಲಿ, 1918ರಲ್ಲಿ, ಯುದ್ಧವೇ ಮುಗಿದುಹೋಯಿತು. 1961ರಲ್ಲಿ ಆರನ್ ಬೆಕ್ ಖಿನ್ನತೆಯನ್ನು ಅಳೆಯಲು 21 ಅಂಶಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು 2001ರಲ್ಲಿ ಬೆಳಕು ಕಂಡ ಪಿ.ಎಚ್.ಕ್ಯೂ.-9. ಸ್ಪಿಟ್ಜರ್, ವಿಲಿಯಮ್ಸ್, ಕ್ರೋಂಕೆ ಎಂಬ ಮೂವರು ಅದರ ಕರ್ತೃಗಳು. ಅದಕ್ಕೆ ಹಣ ಒದಗಿಸಿದುದು ಫೈಜರ್ ಔಷಧ ಕಂಪೆನಿ. ಆದುದರಿಂದ ಕೆಲವರು ಅದನ್ನು ಸಂಶಯದಿಂದ ನೋಡುವುದೂ ಉಂಟು. ಆದರೆ ಯಾರು ಬೇಕಾದರೂ ಶುಲ್ಕವಿಲ್ಲದೆ ಅದನ್ನು ಬಳಸಬಹುದು.

ಪ್ರಶ್ನೆಗಳು ಒಂಬತ್ತೇ. ಕಳೆದ ಎರಡು ವಾರಗಳಲ್ಲಿ ಆಸಕ್ತಿ ಕುಂದಿತೆ, ಮನಸ್ಸು ಮಂಕಾಯಿತೆ, ನಿದ್ರೆ ಕೆಟ್ಟಿತೆ, ಮೈ ದಣಿಯಿತೆ, ಹಸಿವು ಹೆಚ್ಚುಕಡಿಮೆಯಾಯಿತೆ, ತನ್ನ ಮೇಲೆ ತನಗೇ ತಿರಸ್ಕಾರ ಹುಟ್ಟಿತೆ, ಚಿತ್ತ ಚಂಚಲವಾಯಿತೆ, ನಡೆನುಡಿ ನಿಧಾನವಾಯಿತೆ ಅಥವಾ ಚಡಪಡಿಕೆ ಹೆಚ್ಚಿತೆ, ಸಾವಿನ ಯೋಚನೆ ಬಂದಿತೆ? ಪ್ರತಿಯೊಂದಕ್ಕೂ ಸೊನ್ನೆಯಿಂದ 3ರವರೆಗೆ ಅಂಕ, ಒಟ್ಟು 27. ಹತ್ತನ್ನು ಮುಟ್ಟಿದರೆ ವೈದ್ಯ ಗಮನವಿಟ್ಟು ವಿಚಾರಿಸಬೇಕು. ಇಪ್ಪತ್ತನ್ನು ಮುಟ್ಟಿದರೆ ತೀವ್ರವೆಂದು ಎಣಿಕೆ.

ಈ ಕಾಗದ ಮೊದಲ ಸಲ ಕೈಗೆ ಬಂದ ನಿವೃತ್ತ ಗೃಹಸ್ಥರ ಪಾಡನ್ನು ನೋಡಬೇಕು. ಮೂವತ್ತು ವರ್ಷ ಅನ್ಯರ ಅರ್ಜಿಗಳಿಗೆ ಷರಾ ಬರೆದ ಕೈ ಇಲ್ಲಿ ತಡವರಿಸುತ್ತದೆ. ಅಂಕ ಕಡಿಮೆಯಾದಷ್ಟೂ ಒಳ್ಳೆಯದೆಂಬ ಪರೀಕ್ಷೆಯನ್ನು ಅವರು ಜನ್ಮದಲ್ಲಿ ಬರೆದವರಲ್ಲ. ಪಕ್ಕದಲ್ಲಿ ಕುಳಿತ ಪತ್ನಿ, “ನಿದ್ದೆಗೇನೂ ಕೊರತೆ ಇಲ್ಲ ಅಂತ ಬರೀರಿ. ನಿಮ್ಮ ಗೊರಕೆ ನಾನು ಕೇಳಿಲ್ವೆ?” ಎನ್ನುತ್ತಾರೆ. ಬೆಳಗಿನ ಜಾವ ಮೂರಕ್ಕೇ ಎಚ್ಚರಗೊಂಡು ಅವರು ಸೂರು ನೋಡುತ್ತ ಮಲಗಿರುವುದು ಆಕೆಗೆ ತಿಳಿಯದು. ತಿಳಿಯಬಾರದೆಂದೇ ಅವರು ಮಗ್ಗುಲು ಬದಲಿಸದೆ ಮಲಗಿರುತ್ತಾರೆ. ಪತ್ನಿಯ ಮಾತನ್ನು ಮೀರಲಾರದೆ ಸೊನ್ನೆಗೆ ಗುರುತು ಹಾಕುತ್ತಾರೆ. ವೈದ್ಯನಿಗೆ ತಲುಪಬೇಕಾಗಿದ್ದ ಸುದ್ದಿ ಅಲ್ಲಿಯೇ ನಿಂತುಹೋಗುತ್ತದೆ.

ಬಾಣಂತಿಯ ಪಾಡು ಇನ್ನೂ ಕಠಿನ. ಮನೆತುಂಬ ಸಂಭ್ರಮವಿರುವಾಗ ತನಗೆ ಅಳು ಬರುತ್ತದೆಂದು ಆಕೆ ಯಾರೊಡನೆ ಹೇಳಬೇಕು? ಹಡೆದವರಿಗೆಂದೇ 1987ರಲ್ಲಿ ಎಡಿನ್‌ಬರೋದಲ್ಲಿ ಹತ್ತು ಪ್ರಶ್ನೆಗಳ ಮಾಪಕವೊಂದು ಸಿದ್ಧವಾಯಿತು. ಎಳೆಗೂಸಿನ ತಾಯಿಗೆ ಆಯಾಸವೂ ನಿದ್ರಾಭಂಗವೂ ಹೇಗಿದ್ದರೂ ಇದ್ದೇ ಇರುತ್ತವೆಂದು ಅದು ಮೈಯ ಲಕ್ಷಣಗಳಿಗಿಂತ ಮನಸ್ಸಿನ ಸ್ಥಿತಿಯನ್ನೇ ಹೆಚ್ಚಾಗಿ ಕೇಳುತ್ತದೆ. ಆದರೆ ಅತ್ತೆಯೋ ತಾಯಿಯೋ ಹೆಗಲ ಮೇಲಿಂದ ಇಣುಕುತ್ತಿದ್ದರೆ ಎಂಥ ಮಾಪಕವೂ ನಿಷ್ಪ್ರಯೋಜಕ. ಕಾಗದದ ಜೊತೆಗೆ ಆಕೆಗೆ ಹತ್ತು ನಿಮಿಷದ ಏಕಾಂತವನ್ನೂ ಕೊಡಬೇಕು.

ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎಂಬ ಗಾದೆಯ ನಾಡಿನಲ್ಲಿ ಜನ ಮನಸ್ಸಿನ ಮಾತನ್ನು ಬಚ್ಚಿಡುವುದು ಅಚ್ಚರಿಯೇನಲ್ಲ. ತಲೆಭಾರ, ಎದೆಯುರಿ, ಕೈಕಾಲು ಸೆಳೆತ ಎಂದರೆ ಮನೆಯವರು ಕಷಾಯ ಕಾಸುತ್ತಾರೆ. ಬದುಕೇ ಬೇಸರವೆಂದರೆ ಬುದ್ಧಿ ಹೇಳುತ್ತಾರೆ. ಬೆಂಗಳೂರಿನ ಮನೋರೋಗಿಗಳನ್ನು ಕುರಿತು 1996ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ಸೂಚಿಸಿತು: ಖಿನ್ನತೆಯ ಲಕ್ಷಣ ಹೆಚ್ಚಿದ್ದವರಲ್ಲಿ ಕಳಂಕದ ಭಾವನೆಯೂ ಹೆಚ್ಚು, ಮೈನೋವಿನ ದೂರು ಹೆಚ್ಚಿದ್ದವರಲ್ಲಿ ಅದು ಕಡಿಮೆ.

ಒಂಬತ್ತನೆಯ ಪ್ರಶ್ನೆಯ ಬಳಿ ಎಲ್ಲರ ಲೇಖನಿಯೂ ನಿಲ್ಲುತ್ತದೆ. ಸಾವಿನ ಮಾತೆತ್ತಿದರೆ ಇಲ್ಲದ ಯೋಚನೆಯನ್ನು ಹುಟ್ಟಿಸಿದಂತಾದೀತೆಂದು ಮನೆಯವರು ಅಂಜುತ್ತಾರೆ. ಕೇಳುವುದರಿಂದ ಅಂಥ ಯೋಚನೆ ಹುಟ್ಟುವುದಿಲ್ಲವೆಂದೇ ಸಂಶೋಧನೆಗಳು ತಿಳಿಸುತ್ತವೆ. ಬಹಳ ದಿನದಿಂದ ಒಂಟಿಯಾಗಿ ಹೊತ್ತ ಭಾರವನ್ನು ಇಳಿಸಲು ಹಲವರಿಗೆ ಆ ಪ್ರಶ್ನೆಯೇ ಅವಕಾಶವಾಗುತ್ತದೆ. ಅಲ್ಲಿ ಸೊನ್ನೆಯಲ್ಲದ ಗುರುತು ಬಿದ್ದರೆ, ಒಟ್ಟು ಅಂಕ ಎಷ್ಟೇ ಇರಲಿ, ವೈದ್ಯ ಅಂದೇ, ಎದುರಿಗೇ ಕೂಡಿಸಿಕೊಂಡು ಮಾತನಾಡಿಸಬೇಕು. ಕಾಗದವನ್ನು ಕಡತಕ್ಕೆ ಸೇರಿಸಿ ಸುಮ್ಮನಾಗುವುದು, ಕೇಳದೇ ಇರುವುದಕ್ಕಿಂತಲೂ ದೊಡ್ಡ ಅಪರಾಧ. ವೈದ್ಯರು ದೂರವಿದ್ದವರಿಗೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ ಉಂಟು. 14416ಕ್ಕೆ ಹಗಲಿರುಳು ಕರೆಮಾಡಬಹುದು.

ಅಂಕವೇ ರೋಗವೆಂದು ತಿಳಿಯುವುದೂ ತಪ್ಪು. ಥೈರಾಯ್ಡ್ ಕುಂದಿದವರಿಗೂ ರಕ್ತಹೀನತೆಯವರಿಗೂ ಆಯಾಸದ ಅಂಕ ಏರುತ್ತದೆ. ಹತ್ತಿರದವರನ್ನು ಕಳೆದುಕೊಂಡು ತಿಂಗಳಾಗದವನ ಅಂಕವೂ ಏರುತ್ತದೆ. ಅವನಿಗೆ ಬೇಕಾದುದು ಜೊತೆಗೆ ಕೂರುವ ನಾಲ್ಕು ಜನ. ಉನ್ಮಾದವೂ ಖಿನ್ನತೆಯೂ ಸರದಿಯಾಗಿ ಬರುವ ಕಾಯಿಲೆಯಲ್ಲಿ ಉನ್ಮಾದದ ಸುಳಿವನ್ನು ಈ ಒಂಬತ್ತು ಪ್ರಶ್ನೆಗಳು ಕೇಳುವುದೇ ಇಲ್ಲ. ಕಾಗದ ಬಾಗಿಲು ತಟ್ಟೀತು. ಒಳಗೆ ಹೋಗಿ ನೋಡಬೇಕಾದವನು ವೈದ್ಯ.

ಇದರ ನಿಜವಾದ ಉಪಕಾರ ಕಾಣುವುದು ಚಿಕಿತ್ಸೆ ಆರಂಭವಾದ ಮೇಲೆ. ಔಷಧದ ಗುಣ ತೋರಲು ಕೆಲವು ವಾರಗಳೇ ಬೇಕು. ಕುಗ್ಗಿದ ಮನಸ್ಸಿಗೆ ನಿನ್ನೆಯ ನೆನಪೂ ಇಂದಿನ ಬಣ್ಣದಲ್ಲಿಯೇ ಕಾಣುವುದರಿಂದ, “ಏನೂ ಗುಣವಿಲ್ಲ” ಎಂದು ರೋಗಿ ಮಾತ್ರೆಯನ್ನು ನಿಲ್ಲಿಸಿಬಿಡುವುದುಂಟು. ಆ ನಿವೃತ್ತರೇ ಒಂದು ದಿನ ಧೈರ್ಯ ಮಾಡಿ, ಒಬ್ಬರೇ ಕುಳಿತು, ಇದ್ದುದನ್ನು ಇದ್ದಂತೆ ಬರೆದರೆನ್ನಿ. ಅಂಕ 17 ಬಂದಿತು. ಒಂದೂವರೆ ತಿಂಗಳ ಮೇಲೆ ಅದು 11ಕ್ಕೆ ಇಳಿದರೆ, ಅವರು ಒಪ್ಪಲಿ ಬಿಡಲಿ, ಎರಡು ಕಾಗದಗಳೂ ಅಕ್ಕಪಕ್ಕ ಕುಳಿತು ಸಾಕ್ಷಿ ನುಡಿಯುತ್ತವೆ. ಐದು ಅಂಕದ ಇಳಿತವನ್ನು ವೈದ್ಯರು ಗಣನೀಯವೆಂದೇ ಎಣಿಸುತ್ತಾರೆ. ಇಳಿಯದೆ 17ರಲ್ಲಿಯೇ ನಿಂತರೆ ವೈದ್ಯ ತನ್ನ ಚಿಕಿತ್ಸೆಯನ್ನೇ ಮರುಪರಿಶೀಲಿಸಬೇಕಾಗುತ್ತದೆ. ಹೀಗೆ ಈ ಕಾಗದ ರೋಗಿಯನ್ನಷ್ಟೇ ಅಲ್ಲ, ವೈದ್ಯನನ್ನೂ ಪರೀಕ್ಷಿಸುತ್ತದೆ.

ಮನೆಯವರು ಮಾಡಬೇಕಾದುದು ಸ್ವಲ್ಪವೇ. ಕಾಗದ ಹಿಡಿದವರ ಪಕ್ಕದಿಂದ ಎದ್ದು ಹೊರಗಿನ ಬೆಂಚಿನ ಮೇಲೆ ಕುಳಿತುಕೊಳ್ಳುವುದು; ಅವರು ಬರೆದು ಬಂದ ಮೇಲೆ ಅಂಕವನ್ನು ಕೇಳದೆ, ಕಾಫಿ ಕುಡಿಯೋಣವೆ ಎಂದು ಕೇಳುವುದು.